ವಾಗಿರಾನನ ಚೀಲ ಸೊರಗಿದ ಕಥೆ

ಮೂರು ದಿನ ಮನೆ ಬಿಟ್ಟಿರುವ ಗಂಡಸಿಗೆ ಏನೇನು ಸಾಮಾನು ಬೇಕು? ಈ ಪ್ರಶ್ನೆಗೆ ನಮ್ಮ ಓಣಿಯ ವಾಗಿರಾನ್ ಹೋದ ವರ್ಷ ಕೊಟ್ಟ ಉತ್ತರ ಮೂವತ್ತೊಂದು ಕಿಲೋ ತೂಗಿತ್ತು.

ಜಾವಾ ದ್ವೀಪದ ನಮ್ಮ ಸುಂಬರ್ವಾರು ಊರಿನಲ್ಲಿ ಡಚ್ಚರ ಕಾಲದ ಹಳೆಯ ಸೈಕಲ್ಲುಗಳ ಸಂಘವೊಂದಿದೆ. ವರ್ಷಕ್ಕೊಮ್ಮೆ ಹದಿನೈದು ಜನ ಸೇರಿ ಗುನುಂಗ್ ಕಿದುಲ್ ಗುಡ್ಡಗಳನ್ನು ಹತ್ತಿ ದಕ್ಷಿಣದ ಕಡಲಿಗೆ ಇಳಿಯುತ್ತೇವೆ. ದಾರಿಯಲ್ಲಿ ಡೇರೆ ಹಾಕಿ ಮಲಗುತ್ತೇವೆ. ಹೋದ ವರ್ಷ ವಾಗಿರಾನ್ ಮೊದಲ ಸಲ ನಮ್ಮ ಜೊತೆ ಹೊರಟ. ಅವನ ಸೈಕಲ್ಲಿನ ಮೇಲೆ ಡೇರೆ ಇತ್ತು, ಚಾಪೆ ಇತ್ತು, ಸಂಬಾಲ್ ಎಂಬ ಮೆಣಸಿನಕಾಯಿ ಚಟ್ನಿ ಅರೆಯುವ ಕಲ್ಲಿತ್ತು, ಆ ಕಲ್ಲಿನ ಗುಂಡಿತ್ತು. ಅನ್ನ ಮಾಡುವ ಕರೆಂಟಿನ ಕುಕ್ಕರ್ ಕೂಡ ಇತ್ತು. "ಕಾಡಲ್ಲಿ ಕರೆಂಟು ಎಲ್ಲಿಂದ ಬರತ್ತಪ್ಪಾ?" ಎಂದರೆ "ಅಕಸ್ಮಾತ್ ಬಂದ್ರೆ?" ಎಂದ. ಎಲ್ಲದರ ಮೇಲೆ, ತಬ್ಬಿಕೊಂಡು ಮಲಗುವ ಉದ್ದನೆಯ ಗುಂಡುದಿಂಬು ಆನೆಯ ಮೇಲಿನ ಮಾವುತನ ಹಾಗೆ ಕೂತಿತ್ತು. ಆ ದಿಂಬಿಲ್ಲದೆ ಜಾವಾದ ಗಂಡಸಿಗೆ ನಿದ್ದೆ ಹತ್ತುವುದಿಲ್ಲ, ನಿಜ. ಆದರೆ ಅದಿದ್ದರೆ ಗುಡ್ಡ ಹತ್ತುವುದಿಲ್ಲ ಎಂಬುದು ಮೊದಲನೆಯ ಏರಿನಲ್ಲೇ ಗೊತ್ತಾಯಿತು. ಸೈಕಲ್ಲಿನ ಮುಂದಿನ ಚಕ್ರ ಮೇಲೆದ್ದಿತು, ಸೈಕಲ್ಲು ಕುದುರೆಯಂತೆ ಹಿಂಗಾಲಲ್ಲಿ ನಿಂತಿತು, ವಾಗಿರಾನ್ ದಿಂಬಿನ ಮೇಲೆ ಬಿದ್ದ. ಆ ಹೊತ್ತಿಗೆ ಸಂತೆಗೆ ಹೊರಟಿದ್ದ ವ್ಯಾನೊಂದು ಸಿಕ್ಕಿತು. ಹನ್ನೊಂದು ಮೇಕೆಗಳ ನಡುವೆ ಕೂತು ಅವನು ಮನೆಗೆ ಬಂದ. ಅಂದಿನಿಂದ ಇಡೀ ಓಣಿಯಲ್ಲಿ ಅವನ ಹೆಸರು ಹನ್ನೆರಡನೇ ಮೇಕೆ.

ವಾಗಿರಾನನಿಗೆ ಐವತ್ತೆರಡು ವರ್ಷ. ಜೆರಾಕ್ಸ್ ಅಂಗಡಿ ಇಟ್ಟಿದ್ದಾನೆ. ಹುಟ್ಟಿದ ಪತ್ರದಿಂದ ಹಿಡಿದು ಮಣ್ಣಿಗೆ ಹೋಗುವ ಪತ್ರದವರೆಗೆ ಊರಿನವರೆಲ್ಲ ಅವನ ಬಳಿಗೇ ಬರಬೇಕು. ಅಂಥವನಿಗೆ ದಿನಾ ಬೆಳಗ್ಗೆ ಯಾರಾದರೊಬ್ಬರು ಅಣ್ಣ ಎನ್ನುವ ಮರ್ಯಾದೆಯಲ್ಲೇ, "ಮಾಸ್, ಎರಡು ಕಾಪಿ ಕೊಡಿ, ಮ್ಯಾ…" ಎಂದರೆ ಹೇಗಿರಬೇಡ? ಈ ವರ್ಷ ಸೈಕಲ್ ಮೇಲೆ ಹೋಗಿ ಸೈಕಲ್ ಮೇಲೆಯೇ ವಾಪಸು ಬರದಿದ್ದರೆ ಆ ಹೆಸರು ತನ್ನ ಗೋರಿಕಲ್ಲಿನ ಮೇಲೂ ಬರುತ್ತದೆ ಎಂದು ಅವನಿಗೆ ಖಾತ್ರಿಯಾಗಿತ್ತು.

ಸಂಘದ ಮುಖ್ಯಸ್ಥರು ನಿವೃತ್ತ ಸಾರ್ಜೆಂಟ್ ಕುಸ್ನಾದಿ. ಮೀಸೆಯನ್ನೂ ನೇರ ಸಾಲಿನಲ್ಲಿ ನಿಲ್ಲಿಸುವ ಮನುಷ್ಯ. ನಮ್ಮಲ್ಲಿ ಹಿರಿಯ ಗಂಡಸರನ್ನು ಪಾಕ್ ಎಂದೂ ಹೆಂಗಸರನ್ನು ಬು ಎಂದೂ ಕರೆಯುವುದು ವಾಡಿಕೆ. ಅವರು ಕಡ್ಡಿ ಮುರಿದ ಹಾಗೆ ಹೇಳಿಬಿಟ್ಟರು:

"ಈ ವರ್ಷ ಒಂದೇ ಚೀಲ. ಏಳು ಕಿಲೋ. ಏಳು ಅಂದ್ರೆ ಏಳು. ಏಳೂಕಾಲು ಆದ್ರೆ ಮನೇಲಿರು, ಮೇಕೆ ಕಾಯಿ."

"ಯಾವ ತಕ್ಕಡೀಲಿ ತೂಗೋದು ಪಾಕ್? ಅಕ್ಕಿ ಅಂಗಡೀದಾ?"

"ಅಕ್ಕಿ ಅಂಗಡಿ ತಕ್ಕಡಿ ನಂಬಿಕೊಂಡು ನಾನು ಮೂವತ್ತು ವರ್ಷ ಅರೆಹೊಟ್ಟೇಲಿದೀನಿ. ಸರ್ಕಾರಿ ತಕ್ಕಡೀಲಿ ತೂಗು. ಚೀಟಿ ತಗೊಂಡು ಬಾ."

ನಮ್ಮೂರಿನಲ್ಲಿ ಸರ್ಕಾರದ ತಕ್ಕಡಿ ಇರುವುದು ಒಂದೇ. ತಿಂಗಳಿಗೊಮ್ಮೆ ಮಂಗಳವಾರ ಊರಿನ ಸಭಾಮಂಟಪದಲ್ಲಿ ಮಕ್ಕಳ ತೂಕ ನೋಡುತ್ತಾರಲ್ಲ, ಅಲ್ಲಿ ತೊಲೆಗೆ ನೇತುಹಾಕುವ ತಕ್ಕಡಿ. ಅದಕ್ಕೊಂದು ಬಟ್ಟೆಯ ಚಡ್ಡಿ ಕಟ್ಟಿರುತ್ತಾರೆ. ಮಗುವನ್ನು ಆ ಚಡ್ಡಿಯೊಳಗೆ ಇಳಿಬಿಟ್ಟರೆ ಅದು ಗಾಳಿಯಲ್ಲಿ ತೂಗಾಡುತ್ತ ಕಿರುಚುತ್ತದೆ, ತಾಯಂದಿರು ನಗುತ್ತಾರೆ, ಆರೋಗ್ಯ ಕಾರ್ಯಕರ್ತೆ ಬು ರುಕ್ಮಿ ಇಲಾಖೆಯ ಫೋನಿನಲ್ಲಿ ತೂಕ ಬರೆದುಕೊಳ್ಳುತ್ತಾರೆ.

ಎಪ್ರಿಲ್ ತಿಂಗಳ ಮಂಗಳವಾರ ನಾನೂ ವಾಗಿರಾನೂ ಚೀಲ ಹೊತ್ತುಕೊಂಡು ತಾಯಂದಿರ ಸಾಲಿನಲ್ಲಿ ನಿಂತೆವು. ಚೀಲ ಮೂರು ವರ್ಷದ ಹಿಂದೆ ಹಳೆಯ ಚುನಾವಣೆಯ ಬ್ಯಾನರಿನಿಂದ ಹೊಲಿದದ್ದು. ಸೋತ ಅಭ್ಯರ್ಥಿಯ ಒಂದು ಕಣ್ಣು, ಅರ್ಧ ಮೀಸೆ ಮತ್ತು ಪೂರ್ತಿ ನಗು ಅದರ ಮುಂಭಾಗದಲ್ಲಿದ್ದವು. ಚಡ್ಡಿಯೊಳಗೆ ಕೂರಿಸಿದಾಗ ಅದು ಎಲ್ಲರನ್ನೂ ನೋಡಿ ಮತ ಕೇಳುವಂತಿತ್ತು.

"ಹನ್ನೆರಡೂ ಒಂಬೈನೂರು," ಎಂದರು ಬು ರುಕ್ಮಿ. "ಚೆನ್ನಾಗಿದೆ ಮೈಕಟ್ಟು."

"ಒಂದು ಚೀಟಿ ಬರೆದುಕೊಡಿ ಬು."

"ಬರೆದುಕೊಡಬಹುದು ಮಾಸ್, ಆದ್ರೆ ಈ ಫೋನ್ ಇದೆಯಲ್ಲ, ಇದು ಬಿಡಲ್ಲ. ಒಂದು ಸಲ ತೂಗಿದ್ರೆ ಒಂದು ಹೆಸರು ಹಾಕ್ಲೇಬೇಕು. ಹ್ಞೂಂ, ಪರವಾಗಿಲ್ಲ. ಇವತ್ತು ಇಪ್ಪತ್ತೆಂಟು ಮಕ್ಕಳು ಬರ್ಬೇಕಿತ್ತು, ಇಪ್ಪತ್ತೇಳೇ ಬಂದಿರೋದು. ಲೆಕ್ಕ ಸರಿಹೋಗತ್ತೆ. ಹೆಸರು… ವಾಗಿರಾನ್ ಅಂತಾನೇ ಹಾಕ್ಲಾ? ವಯಸ್ಸು?"

"ಹೊಲಿದು ಮೂರು ವರ್ಷ ಆಯ್ತು."

"ಮೂವತ್ತಾರು ತಿಂಗಳು. ಎತ್ತರ?"

"ಐವತ್ತೈದು ಸೆಂಟಿಮೀಟರ್. ನಿಂತ್ರೆ."

"ತಾಯಿ?"

"ಹೊಲಿದದ್ದು ನನ್ನ ಹೆಂಡ್ತಿ."

ಬು ರುಕ್ಮಿ ಲಾಸ್ಮಿನಿ ಎಂದು ಒತ್ತಿದರು. ವಾಗಿರಾನ್ ಹೇಳಿದಂತೆ ಐವತ್ತೊಂದು ವರ್ಷ ಎಂದು ಒತ್ತಿದರು. ಫೋನು ಕೊಂಯ್ ಎಂದಿತು. ನಲವತ್ತೊಂಬತ್ತು ದಾಟಿದವರನ್ನು ಅದು ತಾಯಿ ಎಂದು ಒಪ್ಪುವುದಿಲ್ಲವಂತೆ. ಮೂರು ಸಲ ಒತ್ತಿದರೂ ಮೂರು ಸಲ ಕೊಂಯ್. ಹಿಂದೆ ಹತ್ತು ಕೂಸುಗಳು ಅಳುತ್ತಿದ್ದವು. ಬು ರುಕ್ಮಿ ಬೇಸತ್ತು 'ತಾಯಿ: ಗೊತ್ತಿಲ್ಲ' ಎಂದು ಒತ್ತಿ, ಮುಂದಿನ ಮಗುವನ್ನು ಕರೆದರು.

ಆ ತಿಂಗಳೆಲ್ಲ ವಾಗಿರಾನ್ ತಪಸ್ಸಿಗೆ ಕೂತ. ಹಲ್ಲುಜ್ಜುವ ಬ್ರಷ್ಷಿನ ಹಿಡಿ ಕತ್ತರಿಸಿದ. ಸೋಪನ್ನು ನಾಲ್ಕು ತುಂಡು ಮಾಡಿ ಮೂರನ್ನು ಬಚ್ಚಲಿನಲ್ಲಿಟ್ಟ. ಬೆಂಕಿಕಡ್ಡಿಗಳನ್ನು ಎಣಿಸಿ, ದಿನಕ್ಕೆ ಐದರಂತೆ ಹದಿನೈದನ್ನೇ ಇಟ್ಟುಕೊಂಡ. ಅರೆಯುವ ಕಲ್ಲನ್ನು ಹೊರಗಿಡುವ ದಿನ ಮಾತ್ರ ಅಂಗಡಿ ತೆರೆಯಲಿಲ್ಲ. ಗುಂಡುದಿಂಬಿನ ಬದಲು ಪಂಚೆ ಸುತ್ತಿ ತಬ್ಬಿಕೊಳ್ಳುವುದನ್ನು ರೂಢಿ ಮಾಡಿಕೊಂಡ. ಚೀಲದ ಬಾಯಿಯನ್ನೇ ಮಡಚಿ ಹೊಲಿದ, ಹೆಚ್ಚು ತುಂಬುವ ಆಸೆಯೇ ಹುಟ್ಟದಿರಲಿ ಎಂದು.

ಮೇ ತಿಂಗಳ ಮಂಗಳವಾರ ಮತ್ತೆ ತೂಗಿದೆವು. ಎಂಟೂ ಆರುನೂರು ಗ್ರಾಮು. ಎತ್ತರ ನಲವತ್ತೊಂದು.

ಬು ರುಕ್ಮಿ ಒತ್ತಿದ್ದೇ ತಡ, ಫೋನು ಕೆಂಪಾಯಿತು. ಆಮೇಲೆ ನಡುಗಿತು. ಆಮೇಲೆ ಅಂಬ್ಯುಲೆನ್ಸಿನ ಹಾಗೆ ಕೂಗಿತು. "ಬ್ಯಾಟರಿ ಹೋಗಿರ್ಬೇಕು," ಎಂದು ಅವರು ಅದನ್ನು ಸೆರಗಿನೊಳಗೆ ಮುಚ್ಚಿಟ್ಟರು. ಆದರೆ ಸುದ್ದಿ ಆಗಲೇ ತಾಲೂಕಿನ ಆರೋಗ್ಯ ಕೇಂದ್ರಕ್ಕೆ ಮುಟ್ಟಿತ್ತು. ಸುಂಬರ್ವಾರುವಿನಲ್ಲಿ ವಾಗಿರಾನ್ ಎಂಬ ಮೂರು ವರ್ಷದ ಮಗು, ತಂದೆಯ ಹೆಸರೂ ಅದೇ, ತಾಯಿ ಗೊತ್ತಿಲ್ಲ, ಒಂದೇ ತಿಂಗಳಲ್ಲಿ ನಾಲ್ಕು ಕಿಲೋ ಸೊರಗಿದೆ ಮತ್ತು ಹದಿನಾಲ್ಕು ಸೆಂಟಿಮೀಟರ್ ಗಿಡ್ಡವಾಗಿದೆ.

ಮರುದಿನ ಬುಧವಾರ. ವಾಗಿರಾನನ ಮನೆಯಲ್ಲಿ ನಾನು ಕತ್ತರಿ ಹಿಡಿದು ಕೂತಿದ್ದೆ, ಅವನು ಡೇರೆಯ ಹಗ್ಗ ಅಳೆಯುತ್ತಿದ್ದ. ಬಾಗಿಲಲ್ಲಿ ನಮ್ಮೂರಿನ ಆಡಳಿತಗಾರರಾದ ಪಾಕ್ ಲುರಾ ಬಂದು ನಿಂತರು. ಜೊತೆಗೆ ತಾಲೂಕಿನ ಪೌಷ್ಟಿಕಾಂಶ ಅಧಿಕಾರಿ ಬು ನಸ್ತಿತಿ. ಹಿಂದೆ, ಅದು ಚೀಲ ಎಂದು ಹೇಳಲು ಬಾಯಿ ಬಾರದೆ ಮುಖ ಬಾಡಿಸಿಕೊಂಡ ಬು ರುಕ್ಮಿ. ಇಬ್ಬರು ನೌಕರರ ಕೈಯಲ್ಲಿ ಬುಟ್ಟಿ ತುಂಬ ಮೊಟ್ಟೆ, ಹಾಲಿನ ಪುಡಿ, ಬಿಸ್ಕತ್ತು, ಹೆಸರುಕಾಳು.

ವಾಗಿರಾನನ ಕಣ್ಣು ತುಂಬಿತು. ತನ್ನ ಸೈಕಲ್ ಯಾತ್ರೆಗೆ ಸರ್ಕಾರವೇ ಬುತ್ತಿ ಕಟ್ಟಿಕೊಂಡು ಬಂದಿದೆ ಎಂದು ಅವನು ತಿಳಿದ.

"ಅಯ್ಯೋ ಪಾಕ್ ಲುರಾ, ಇಷ್ಟೆಲ್ಲ ಯಾಕೆ! ನನ್ನಂಥ ಸಣ್ಣ ಮನುಷ್ಯಂಗೆ!"

"ನಿನಗಲ್ಲಪ್ಪ," ಎಂದರು ಪಾಕ್ ಲುರಾ ಬಿಗಿಯಾಗಿ. "ಎಲ್ಲಿದೆ ಅದು?"

"ಅದಾ? ಒಳಕೋಣೇಲಿ. ಮೊಳೆಗೆ ನೇತುಹಾಕಿದೀನಿ."

ಪಾಕ್ ಲುರಾ ಗೋಡೆ ಹಿಡಿದುಕೊಂಡರು. "ನೇತು…?"

"ನೆಲದ ಮೇಲೆ ಬಿಟ್ರೆ ಇಲಿ ಕಡಿಯತ್ತೆ ಪಾಕ್."

ಬು ನಸ್ತಿತಿ ಪುಸ್ತಕ ತೆರೆದರು. "ಒಂದು ತಿಂಗಳಲ್ಲಿ ನಾಲ್ಕು ಕಿಲೋ ಇಳಿದಿದೆ. ಹೇಗೆ?"

ವಾಗಿರಾನನ ಎದೆ ಉಬ್ಬಿತು. ಅವನ ಸಾಧನೆಯ ಬಗ್ಗೆ ಇಷ್ಟು ಆಸ್ಥೆಯಿಂದ ಯಾರೂ ಕೇಳಿರಲಿಲ್ಲ. "ಸುಲಭ ಅಲ್ಲ ಬು. ಮೊದಮೊದಲು ನಂಗೂ ಮನಸ್ಸು ಬರ್ತಿರ್ಲಿಲ್ಲ. ಪಾಕ್ ಕುಸ್ನಾದಿ ಹೇಳಿದ್ರು, ಕರುಣೆ ತೋರಿಸ್ಬೇಡ, ಬೇಡದ್ದನ್ನೆಲ್ಲ ಕತ್ತರಿಸು ಅಂತ. ಇವತ್ತೂ ಬೆಳಗ್ಗೆ ಮಾಸ್ ಗಿಯೊ ಗಟ್ಟಿಯಾಗಿ ಹಿಡ್ಕೊಂಡ್ರು, ನಾನು ಕತ್ತರಿಸ್ದೆ."

ಮಾಸ್ ಗಿಯೊ ಎಂದರೆ ನಾನು. ಎಲ್ಲರ ಕಣ್ಣು ನನ್ನ ಕೈಯ ಕತ್ತರಿಯ ಮೇಲೆ ಬಿತ್ತು. ನಾನು ಅದನ್ನು ಬೆನ್ನ ಹಿಂದೆ ಇಟ್ಟುಕೊಂಡೆ. ಅದರಿಂದ ನನ್ನ ಮಾನವೇನೂ ಉಳಿಯಲಿಲ್ಲ.

"ಮತ್ತೆ ಎತ್ತರ?"

"ಬಾಯಿ ಮಡಚಿ ಹೊಲಿದುಬಿಟ್ಟೆ."

ಬು ನಸ್ತಿತಿಯವರ ಪೆನ್ನು ಕೆಳಗೆ ಬಿತ್ತು.

"ಬಾಯಿ ತೆರೆದಿದ್ರೆ ಏನಾದ್ರೂ ತುರುಕ್ತಾನೇ ಇರೋಣ ಅನ್ನಿಸತ್ತೆ ಬು. ಕೆಟ್ಟ ಅಭ್ಯಾಸ. ಶನಿವಾರದೊಳಗೆ ಇನ್ನೂ ಒಂದೂವರೆ ಕಿಲೋ ಇಳಿಸ್ಬೇಕು ನೋಡಿ, ಆಮೇಲೆ ಸೈಕಲ್ಲಿಗೆ ಹಗ್ಗ ಹಾಕಿ ಬಿಗಿದು…"

ಪಾಕ್ ಲುರಾ ಕೇಳಲಾರದೆ ಒಳಕೋಣೆಗೆ ನುಗ್ಗಿದರು. ಆಮೇಲೆ ಅರ್ಧ ಮೀಸೆಯ ಚೀಲವನ್ನು ಎರಡು ಬೆರಳಲ್ಲಿ ಹಿಡಿದು ಹೊರಗೆ ಬಂದರು. ನಮ್ಮನ್ನೆಲ್ಲ ನೋಡಿದರು. ಬು ರುಕ್ಮಿಯನ್ನು ಬಹಳ ಹೊತ್ತು ನೋಡಿದರು.

"ಲೆಕ್ಕಕ್ಕೆ ಒಂದು ಕಮ್ಮಿ ಇತ್ತು ಪಾಕ್," ಎಂದರು ಬು ರುಕ್ಮಿ ನೆಲ ನೋಡುತ್ತ.

ನೀವು ಅಂದುಕೊಳ್ಳಬಹುದು, ಇಲ್ಲಿಗೆ ಮುಗಿಯಿತಲ್ಲ, ಎಲ್ಲರೂ ನಕ್ಕು ಚಹಾ ಕುಡಿದು ಎದ್ದು ಹೋಗಿರಬೇಕು ಎಂದು. ನಿಮಗೆ ಸರ್ಕಾರದ ಪರಿಚಯವಿಲ್ಲ.

"ಅಳಿಸಿಹಾಕಿ ಮತ್ತೆ!" ಎಂದರು ಪಾಕ್ ಲುರಾ. "ಶನಿವಾರ ಎಂಟು ಗಂಟೆಗೆ ಜಿಲ್ಲೆಯಿಂದ ತಂಡ ಬರತ್ತೆ. ಸೊರಗಿದ ಮಗು ಒಂದೂ ಇಲ್ಲದ ಊರು ಅಂತ ಪ್ರಶಸ್ತಿಗೆ ಹೆಸರು ಕೊಟ್ಟಿದೀನಿ. ಸ್ವಾಗತದ ಕಮಾನು ಸಹ ಕಟ್ಟಿಸಿಯಾಗಿದೆ!"

"ಅಳಿಸೋಕೆ ಬರಲ್ಲ ಪಾಕ್," ಎಂದರು ಬು ನಸ್ತಿತಿ. ಚೀಲ ನೋಡಿ ಅವರಿಗೆ ಜೀವ ಬಂದಿತ್ತು, ಆದರೆ ಅಧಿಕಾರ ಹೋಗಿರಲಿಲ್ಲ. "ತಪ್ಪಾಗಿ ಸೇರಿಸಿದ್ದು ಅಂತ ಅರ್ಜಿ ಕೊಡಬಹುದು. ಅದಕ್ಕೆ ತಂದೆ ತಾಯಿ ಇಬ್ಬರ ಸಹಿ ಬೇಕು. ಇಲ್ಲಿ ತಾಯಿ ಗೊತ್ತಿಲ್ಲ."

"ಐದು ವರ್ಷ ತುಂಬಿದ್ರೆ ತಾನಾಗೇ ಹೋಗತ್ತೆ," ಎಂದು ಬು ರುಕ್ಮಿ ಸಮಾಧಾನ ಹೇಳಿದರು. "ಇನ್ನು ಎರಡೇ ವರ್ಷ."

"ಸತ್ತುಹೋಯ್ತು ಅಂತ ಬರೆದ್ರೆ?" ಪಾಕ್ ಲುರಾ ಚೀಲವನ್ನು ಒಂದು ಥರ ನೋಡಿದರು.

ವಾಗಿರಾನ್ ಹಾರಿ ಚೀಲವನ್ನು ಕಿತ್ತುಕೊಂಡು ತಬ್ಬಿಕೊಂಡ. "ನನ್ನ ಚೀಲ ನಾನು ಹೂಳಲ್ಲ!"

"ಹೂಳೋ ಹಾಗೂ ಇಲ್ಲ. ಮಗು ಸತ್ರೆ ಜಿಲ್ಲೆಯೇ ವಿಚಾರಣೆಗೆ ಬರತ್ತೆ," ಎಂದರು ಬು ನಸ್ತಿತಿ. "ಇನ್ನೊಂದೇ ದಾರಿ. ಬೇರೆ ಊರಿಗೆ ವಲಸೆ ಹೋಯ್ತು ಅಂತ ಪತ್ರ. ಆದ್ರೆ ಕೆಂಪು ಮಗುವನ್ನ ವಲಸೆ ಕಳಿಸೋಕೆ ಬಿಡಲ್ಲ. ಇಲ್ದಿದ್ರೆ ಎಲ್ಲ ಊರೂ ತಂತಮ್ಮ ಕೆಂಪನ್ನ ಪಕ್ಕದೂರಿಗೆ ತಳ್ಳಿಬಿಡ್ತಾವೆ. ಮೊದಲು ಹಸಿರಾಗ್ಬೇಕು. ಇದರ ವಯಸ್ಸಿಗೆ ಹನ್ನೆರಡೂವರೆ ಕಿಲೋ."

"ಶನಿವಾರ ಬೆಳಗ್ಗೆ ಆರಕ್ಕೆ ಹನ್ನೆರಡೂವರೆ ಕಿಲೋ," ಎಂದು ಪಾಕ್ ಲುರಾ ಆಜ್ಞೆ ಮಾಡಿದರು. "ತಿನ್ಸು ಇದಕ್ಕೆ!"

"ಶನಿವಾರ ಬೆಳಗ್ಗೆ ಆರೂವರೆಗೆ ಪಾಕ್ ಕುಸ್ನಾದಿಯವರಿಗೆ ಏಳು ಕಿಲೋ ತೋರಿಸ್ಬೇಕು ಪಾಕ್!"

"ಅದು ನಿನ್ನ ಸಂಸಾರದ ವಿಷಯ," ಎಂದು ಪಾಕ್ ಲುರಾ ಚಪ್ಪಲಿ ಮೆಟ್ಟಿದರು. ಅಷ್ಟರಲ್ಲಿ ಬಾಗಿಲಿಗೆ ಅಡ್ಡವಾಗಿ ಲಾಸ್ಮಿನಿ ನಿಂತಿದ್ದಳು.

ಅವಳು ಮಾರುಕಟ್ಟೆಯಿಂದ ಬಂದಿದ್ದಳು. ಸೋಯಾ ಕಾಳಿನ ಟೆಂಪೆ ಮಾರುವ ಅಂಗಡಿಯಲ್ಲಿ, ಮೀನಿನಂಗಡಿಯಲ್ಲಿ, ಕೊನೆಗೆ ಬೀಸಣಿಗೆ ಮಾರುವವಳ ಬಳಿಯೂ ಒಂದೇ ಸುದ್ದಿ ಕೇಳಿದ್ದಳು: ವಾಗಿರಾನ್ ಎಲ್ಲೋ ಒಂದು ಮಗು ಮಾಡಿಕೊಂಡಿದ್ದಾನೆ, ಅದಕ್ಕೆ ಹೊಟ್ಟೆಗೂ ಹಾಕುವುದಿಲ್ಲ. ಮೂರು ಮಂದಿಗೂ "ಅದು ನಮ್ಮನೆ ಚೀಲ ಕಣ್ರೇ" ಎಂದಿದ್ದಳು, ಮೂವರೂ "ಪಾಪ, ಎಷ್ಟು ಸಹನೆ ಇವಳಿಗೆ" ಎಂದು ಅತ್ತಿದ್ದರು. ಆದರೆ ಅವಳಿಗೆ ಸಿಟ್ಟು ಬಂದದ್ದು ಅದಕ್ಕಲ್ಲ.

"ತಾಯಿ ಗೊತ್ತಿಲ್ಲ ಅಂತ ಬರೆದೋರು ಯಾರು?"

ಬು ರುಕ್ಮಿ ಫೋನನ್ನು ಮೆಲ್ಲಗೆ ಸೆರಗಿನೊಳಗೆ ಸರಿಸಿದರು.

"ಬ್ಯಾನರ್ ಕತ್ತರಿಸಿ ಹೊಲಿದೋಳು ನಾನು. ಮಳೇಲಿ ನೆನೆದಾಗ ಒಲೆ ಮುಂದೆ ಒಣಗಿಸಿದೋಳು ನಾನು. ಮೂರು ಸಲ ತೇಪೆ ಹಾಕಿದೋಳು ನಾನು. ಈಗ ತಾಯಿ ಗೊತ್ತಿಲ್ವಾ?"

"ಫೋನು ಒಪ್ಪಲಿಲ್ಲ ಬು," ಎಂದರು ಬು ರುಕ್ಮಿ. "ಐವತ್ತೊಂದು ಅಂದ ತಕ್ಷಣ…"

"ಐವತ್ತೊಂದು ಅಂತ ಆ ಫೋನಿಗೆ ಹೇಳಿದ್ಯಾರು?"

ಎಲ್ಲರೂ ವಾಗಿರಾನನನ್ನು ನೋಡಿದರು. ವಾಗಿರಾನ್ ಚೀಲವನ್ನು ನೋಡಿದ. ಚೀಲ ಒಂದೇ ಕಣ್ಣಿನಲ್ಲಿ ನಗುತ್ತಿತ್ತು.

ಆಮೇಲಿನ ಎರಡು ದಿನ ನಮ್ಮ ಓಣಿ ಯಾರ ಮಾತನ್ನೂ ನಂಬಲಿಲ್ಲ. ಚೀಲವನ್ನು ಕಣ್ಣಾರೆ ನೋಡಿ ಹೋದ ಹೆಂಗಸರೂ, "ಇದು ಚೀಲ, ಸರಿ. ಮಗು ಎಲ್ಲಿ?" ಎಂದು ಕೇಳುತ್ತಿದ್ದರು. ಗಂಜಿ ಬಂತು, ಬಾಳೆಹಣ್ಣು ಬಂತು. ಎದುರು ಮನೆಯ ಬು ಪಾರ್ತಿ ತನ್ನ ಮೊಮ್ಮಗನ ಹಳೆಯ ಅಂಗಿಗಳನ್ನು ತಂದು ವಾಗಿರಾನನ ಮುಖಕ್ಕೆ ಹಿಡಿದಳು: "ನಿನಗೆ ಮೇಕೆ ಅಂತ ಹೆಸರಿಟ್ಟಿದ್ದು ತಪ್ಪಾಯ್ತು. ಮೇಕೆಯಾದ್ರೂ ತನ್ನ ಮರೀನ ನೆಕ್ಕತ್ತೆ!"

ಅತ್ತ ದರಿ, ಇತ್ತ ಪುಲಿ. ವಾಗಿರಾನ್ ಸಾರ್ಜೆಂಟರ ಮನೆಗೆ ಹೋಗಿ ಕೈ ಮುಗಿದ. ಅವರು ಬಾಗಿಲಲ್ಲೇ, "ಏಳು," ಎಂದರು. ಪಾಕ್ ಲುರಾ ಬಳಿಗೆ ಹೋದ. ಅವರು ಕಮಾನಿನ ಕೆಳಗೆ ನಿಂತು, "ಹನ್ನೆರಡೂವರೆ," ಎಂದರು. ಶುಕ್ರವಾರ ಸಂಜೆ ನನ್ನ ಜಗಲಿಗೆ ಬಂದು ಕೂತ.

"ಮಾಸ್ ಗಿಯೊ, ಹೋಗೋದು ಬೇಡ ಬಿಡಿ. ಮೇಕೆ ಅಂದ್ರೆ ಅನ್ನಲಿ. ಮ್ಯಾ ಅಂತೀನಿ."

ಹಿಂದೆಯೇ ಬಂದ ಲಾಸ್ಮಿನಿ ಅವನ ಪಕ್ಕದಲ್ಲಿದ್ದ ಚೀಲವನ್ನು ಎತ್ತಿಕೊಂಡಳು. "ಮೇಕೆ ಹೆಂಡ್ತಿ ಅನ್ನಿಸ್ಕೊಂಡು ಒಂದು ವರ್ಷ ಮಾರುಕಟ್ಟೆ ತಿರುಗಿದೀನಿ ನಾನು. ಹೋಗ್ಲೇಬೇಕು ನೀನು." ಎಂದವಳೇ ಹಲ್ಲಿನಿಂದ ದಾರ ಕಡಿದು ಚೀಲದ ಬಾಯಿಯ ಹೊಲಿಗೆ ಬಿಚ್ಚಿದಳು. ಚೀಲ ಒಂದು ಕ್ಷಣದಲ್ಲಿ ಹದಿನಾಲ್ಕು ಸೆಂಟಿಮೀಟರ್ ಬೆಳೆಯಿತು.

ಶನಿವಾರ ಬೆಳಗ್ಗೆ ಆರು ಗಂಟೆ. ಸಭಾಮಂಟಪದ ಒಂದು ಕಡೆ ಹದಿನಾಲ್ಕು ಸೈಕಲ್ಲುಗಳು, ಸೀಟಿ ಕಚ್ಚಿಕೊಂಡ ಸಾರ್ಜೆಂಟ್. ಇನ್ನೊಂದು ಕಡೆ ಜಿಲ್ಲೆಯ ತಂಡಕ್ಕಾಗಿ ತೊಳೆದು ಬಾಚಿ ತಂದ ಮಕ್ಕಳು, ತಾಯಂದಿರು. ನಡುವೆ ತೊಲೆಯಿಂದ ಇಳಿಬಿದ್ದ ಚಡ್ಡಿ. ಚೀಲದಲ್ಲಿ ಡೇರೆ, ಚಾಪೆ, ಪಾತ್ರೆ, ಬಟ್ಟೆ ಎಲ್ಲ ಸೇರಿ ಏಳೂ ನಾನೂರು. ಅದರ ಮೇಲೆ ಲಾಸ್ಮಿನಿ ಸರ್ಕಾರದ ಬುಟ್ಟಿಯ ಐವತ್ತು ಮೊಟ್ಟೆ ಬೇಯಿಸಿ ತುಂಬಿದಳು, ಬಿಸ್ಕತ್ತು ತುಂಬಿದಳು, ಹಾಲಿನ ಪುಡಿ, ಹೆಸರುಕಾಳು, ಬಾಳೆಹಣ್ಣು ತುಂಬಿ, ಮಂಡಿಯಿಂದ ಒತ್ತಿ ಬಾಯಿ ಕಟ್ಟಿದಳು. ಅಭ್ಯರ್ಥಿಯ ಕೆನ್ನೆ ಗುಂಡಗಾಯಿತು.

"ಹನ್ನೆರಡೂ ಎಂಟುನೂರು!" ಬು ರುಕ್ಮಿ ಕೂಗಿದರು. ಫೋನು ಹಸಿರಾಯಿತು. ತಾಯಂದಿರು ಚಪ್ಪಾಳೆ ತಟ್ಟಿದರು. ಬು ಪಾರ್ತಿ ಕಣ್ಣೊರೆಸಿಕೊಂಡಳು. ಬು ನಸ್ತಿತಿ ಅಲ್ಲೇ ವಲಸೆ ಪತ್ರ ತುಂಬಿ, "ಯಾವ ಊರಿಗೆ?" ಎಂದರು. ನಾವು ಎರಡನೇ ದಿನ ಡೇರೆ ಹಾಕಬೇಕಿದ್ದ ಕಡಲೂರಿನ ಹೆಸರನ್ನು ವಾಗಿರಾನ್ ಹೇಳಿದ: ಕರಾಂಗ್ ಸಿಂಬಾರ್. ಪಾಕ್ ಲುರಾ ಮೊಹರು ಒತ್ತಿ ಬೆವರೊರೆಸಿಕೊಂಡರು.

"ಹೊರಡು ಇನ್ನು. ತಂಡ ಬರೋದ್ರೊಳಗೆ ಈ ಊರಲ್ಲಿ ನಿನ್ನ ಚೀಲ ಕಾಣ್ಬಾರ್ದು."

"ನಿಲ್ಲಿ," ಎಂದರು ಸಾರ್ಜೆಂಟ್. "ಈಗ ನನ್ನ ತೂಕ. ಆರೂವರೆಗೆ ಸೀಟಿ. ಹತ್ತು ನಿಮಿಷ ಇದೆ. ಹನ್ನೆರಡೂ ಎಂಟುನೂರು ಚೀಲ ನನ್ನ ಸಾಲಲ್ಲಿ ಬರಲ್ಲ."

"ಪಾಕ್ ಕುಸ್ನಾದಿ, ನಾನು ಆಜ್ಞೆ ಮಾಡ್ತಿದೀನಿ," ಎಂದರು ಪಾಕ್ ಲುರಾ.

"ನಾನು ಆಜ್ಞೆ ಪಾಲಿಸೋದು ಸೈನ್ಯದ್ದು. ನಿವೃತ್ತಿ ಆದ್ಮೇಲೆ ಹೆಂಡ್ತೀದು. ನಿಮ್ಮದಲ್ಲ."

ಪಾಕ್ ಲುರಾ ಗಡಿಯಾರ ನೋಡಿದರು. ಕಮಾನು ನೋಡಿದರು. ಆಮೇಲೆ ನಮ್ಮೂರಿನ ಇತಿಹಾಸದಲ್ಲಿ ಯಾವ ಲುರಾನೂ ಕೊಡದ ಆದೇಶ ಕೊಟ್ಟರು:

"ತಿನ್ರೋ ಎಲ್ಲರೂ!"

ಚೀಲದ ಬಾಯಿ ಬಿಚ್ಚಿತು. ಮಕ್ಕಳಿಗೆ ಒಂದೊಂದು ಮೊಟ್ಟೆ, ಸೈಕಲ್ಲಿನವರಿಗೆ ಒಂದೊಂದು. ಹೆಸರುಕಾಳು ತಾಯಂದಿರ ಮಡಿಲಿಗೆ, ಹಾಲಿನ ಪುಡಿ ಬು ರುಕ್ಮಿಯ ಕಪಾಟಿಗೆ. ಬಿಸ್ಕತ್ತು ಗಾಳಿಯಲ್ಲಿ ಹಾರಿದವು. ಬು ನಸ್ತಿತಿ, "ಮಗುವಿನ ಆಹಾರ ದೊಡ್ಡೋರು ತಿನ್ನೋ ಹಾಗಿಲ್ಲ," ಎನ್ನುತ್ತಲೇ ಎರಡು ಬಾಳೆಹಣ್ಣು ಸುಲಿದರು. ಪಾಕ್ ಲುರಾ ಮೊಹರಿನ ಡಬ್ಬ ಕಂಕುಳಲ್ಲಿಟ್ಟುಕೊಂಡು ನಾಲ್ಕನೇ ಮೊಟ್ಟೆ ನುಂಗಿದಾಗ ಬಿಕ್ಕಳಿಕೆ ಶುರುವಾಯಿತು. ಎಂಟು ನಿಮಿಷದಲ್ಲಿ ಚೀಲ ಮತ್ತೆ ತೂಗಿತು.

"ಏಳೂ ನಾನೂರು," ಎಂದರು ಬು ರುಕ್ಮಿ ಸಣ್ಣ ದನಿಯಲ್ಲಿ.

"ಏಳು," ಎಂದರು ಸಾರ್ಜೆಂಟ್, ಮತ್ತು ಸೀಟಿಯನ್ನು ತುಟಿಗೆ ಇಟ್ಟರು.

ವಾಗಿರಾನ್ ಡೇರೆ ಎತ್ತಿ ನೋಡಿದ, ಇಳಿಸಿದ. ಪಾತ್ರೆ ಎತ್ತಿ ನೋಡಿದ, ಇಳಿ‌ಸಿದ. ಲಾಸ್ಮಿನಿಗೆ ತಾಳ್ಮೆ ಕೆಟ್ಟಿತು. ಚೀಲದೊಳಗೆ ಕೈ ಹಾಕಿ ಅಂಗಿ, ಇನ್ನೊಂದು ಅಂಗಿ, ಪ್ಯಾಂಟು, ಪಂಚೆ, ಮಳೆಯ ಕೋಟು ಎಳೆದು, ಇಡೀ ಊರಿನ ಮುಂದೆ ಗಂಡನಿಗೆ ಒಂದರ ಮೇಲೊಂದು ತೊಡಿಸಿದಳು. "ಕೈ ಎತ್ತು. ಇನ್ನೊಂದು ಕೈ. ತೂಕ ಚೀಲಕ್ಕೆ ತಾನೇ ಪಾಕ್ ಸಾರ್ಜೆಂಟ್? ಮನುಷ್ಯಂಗಲ್ವಲ್ಲ?"

ಸಾರ್ಜೆಂಟ್ ಮೀಸೆ ನೇರ ಮಾಡಿಕೊಂಡು ಚೀಲವನ್ನು ಮತ್ತೆ ಚಡ್ಡಿಗೆ ಹಾಕಿಸಿದರು. ಆರೂ ಒಂಬೈನೂರು. ಸೀಟಿ ಕೂಗಿತು. ಆ ಬಿಸಿಲಿನಲ್ಲಿ ಮೂರು ಅಂಗಿ ಮತ್ತು ಮಳೆಯ ಕೋಟು ತೊಟ್ಟು, ಎಲೆಕೋಸಿನ ಗಡ್ಡೆಯ ಹಾಗೆ ಕಾಣುತ್ತ, ವಾಗಿರಾನ್ ಕಮಾನಿನ ಕೆಳಗೆ ಹಾದು ಹೊರಟ. ಹೆಂಗಸರು ಅವನಿಗಲ್ಲ, ಚೀಲಕ್ಕೆ ಕೈಬೀಸಿದರು.

ಗುಡ್ಡದಲ್ಲಿ ಅವನ ಸೈಕಲ್ಲಿನ ಎರಡೂ ಚಕ್ರ ನೆಲದ ಮೇಲೇ ಇದ್ದವು. ಹೋದ ವರ್ಷ ಬಿದ್ದ ಏರಿನಲ್ಲಿ ಅವನು ಉಸಿರು ಬಿಡಲಿಲ್ಲ, ಇಳಿಯಲೂ ಇಲ್ಲ, ಹತ್ತಿಯೇಬಿಟ್ಟ. ಮೇಲೆ ನಿಂತು ಒಂದೊಂದೇ ಅಂಗಿ ಬಿಚ್ಚಿ ಹಿಂಡಿದ. ಊರಿನಿಂದ ಫೋನ್ ಬಂತು: ತಂಡ ಬಂದು ನೋಡಿದಾಗ ಇಪ್ಪತ್ತೇಳು ಮಕ್ಕಳಲ್ಲಿ ಪ್ರತಿಯೊಂದೂ ಒಂದೊಂದು ಮೊಟ್ಟೆಯಷ್ಟು ತೂಕ ಹೆಚ್ಚಿತ್ತಂತೆ. ಪಾಕ್ ಲುರಾ ಬಿಕ್ಕಳಿಸುತ್ತಲೇ ಪ್ರಶಸ್ತಿ ತೆಗೆದುಕೊಂಡರಂತೆ.

ಮರುದಿನ ಮಧ್ಯಾಹ್ನ ಕರಾಂಗ್ ಸಿಂಬಾರ್ ತೀರಕ್ಕೆ ಇಳಿದೆವು. ಮರಳಿನ ಮೇಲೆ ಜನ ನಿಂತಿದ್ದರು. ಆ ಊರಿನ ಲುರಾ ಸಮವಸ್ತ್ರ ಹಾಕಿದ್ದರು. ಹೆಂಗಸರ ಕೈಯಲ್ಲಿ ಬೇಯಿಸಿದ ಮೊಟ್ಟೆಯ ತಟ್ಟೆಗಳಿದ್ದವು. ದೋಣಿಯ ಕಂಬಕ್ಕೆ ತಕ್ಕಡಿ ಕಟ್ಟಿತ್ತು. ತಕ್ಕಡಿಗೆ ಬಟ್ಟೆಯ ಚಡ್ಡಿ ಕಟ್ಟಿತ್ತು. ವಲಸೆ ಪತ್ರ ನಮ್ಮ ಸೈಕಲ್ಲುಗಳಿಗಿಂತ ಮುಂಚೆಯೇ ಮುಟ್ಟಿತ್ತು; ಅದರ ಅಡಿಯಲ್ಲಿ ಬು ನಸ್ತಿತಿ 'ಗುರುತು: ಸೈಕಲ್ಲಿನ ಚೀಲ' ಎಂದು ಬರೆದಿದ್ದರು.

"ಬನ್ನಿ, ಬನ್ನಿ," ಎಂದಳು ಅಲ್ಲಿಯ ಸೂಲಗಿತ್ತಿ, ಫೋನು ಹಿಡಿದು. "ನಮ್ಮೂರಿಗೆ ಹೊಸದಾಗಿ ಬಂದ ವಾಗಿರಾನ್ ಯಾವುದು? ಬಂದ ತಕ್ಷಣ ತೂಗ್ಬೇಕು. ಹನ್ನೆರಡೂ ಎಂಟುನೂರಕ್ಕಿಂತ ಇಳಿದಿದ್ರೆ ಇಲ್ಲೇ ಉಳಿಸ್ಕೊಂಡು ಚಿಕಿತ್ಸೆ."

ವಾಗಿರಾನನ ಮುಖ ಬಿಳಿಚಿತು. ತನ್ನ ಚೀಲ ನೋಡಿದ. ಆರೂ ಒಂಬೈನೂರು. ಒಬ್ಬೊಬ್ಬರ ಚೀಲವನ್ನೂ ನೋಡುತ್ತ ಹೋದ. ಜೀವನದಲ್ಲಿ ಮೊದಲ ಸಲ ಅವನಿಗೆ ಸರಿಯಾದ ಹೊತ್ತಿಗೆ ಬುದ್ಧಿ ಓಡಿತು. ಅವನ ಬೆರಳು ಸಾಲಿನ ಮೊದಲ ಸೈಕಲ್ಲಿನ ಹತ್ತಿರ ನಿಂತಿತು.

"ಅದು," ಎಂದ.

"ಏಯ್!" ಎಂದರು ಸಾರ್ಜೆಂಟ್. ಆದರೆ ಇಬ್ಬರು ಹೆಂಗಸರು ಆಗಲೇ ಅವರ ಚೀಲವನ್ನು ಬಿಚ್ಚಿ, ಮುದ್ದು ಮಾಡುತ್ತ, ಚಡ್ಡಿಯೊಳಗೆ ಇಳಿಸಿದ್ದರು. ದೋಣಿಯ ಕಂಬ ಕಿರ್ ಎಂದು ಬಾಗಿತು. ತಕ್ಕಡಿಯ ಮುಳ್ಳು ಏಳನ್ನು ದಾಟಿತು, ಹತ್ತನ್ನು ದಾಟಿತು. ಚೀಲದ ಒಂದು ಬದಿಯಿಂದ ಗುಂಡುದಿಂಬಿನ ತುದಿ ಮೆಲ್ಲಗೆ ಇಣುಕಿತು.

"ಹದಿನಾಲ್ಕೂ ಇನ್ನೂರು!" ಎಂದಳು ಸೂಲಗಿತ್ತಿ ಹಿಗ್ಗಿ. "ಭೇಷ್! ಒಂದೇ ದಿನಕ್ಕೆ ನಮ್ಮ ಸಮುದ್ರದ ಗಾಳಿ ಹಿಡಿಸಿಬಿಟ್ಟಿದೆ!"

ಹದಿನಾಲ್ಕು ಜನ ಸಾರ್ಜೆಂಟರನ್ನು ನೋಡಿದೆವು. ಸಾರ್ಜೆಂಟ್ ಸಮುದ್ರವನ್ನು ನೋಡಿದರು.